ಸಾರಥಿ, ಎರಡು ದಾಳ, ಐದು ಜನ: ಮಾತಿಗೆ ಹೆದರುವವರ ಗುಂಪನ್ನು ಆಟದ ಮೂಲಕ ನಡೆಸುವ ಬಗೆ

ಸಿಟಿ ಬಸ್ಸಿನಲ್ಲಿ "ಸ್ಟಾಪ್ ಕೊಡಿ" ಅಂತ ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆಯುವವರಿದ್ದಾರೆ. ಹೋಟೆಲಿನಲ್ಲಿ ಇನ್ನೊಂದು ಸಲ ಚಟ್ನಿ ಕೇಳಲಾರದೆ ಒಣ ಇಡ್ಲಿ ನುಂಗುವವರಿದ್ದಾರೆ. ವೈವಾ ದಿನ ಹೊಟ್ಟೆನೋವು ಅಂತ ಹಾಸ್ಟೆಲಿನಲ್ಲೇ ಮಲಗುವವರು, ಮದುವೆಗೆ ಹೋದರೂ ಊಟದ ಪಂಕ್ತಿಗೆ ಕೂರದೆ ಬರುವವರು, ಫೋನ್ ರಿಂಗ್ ಆದರೆ ಅದು ನಿಲ್ಲುವವರೆಗೂ ನೋಡುತ್ತಾ ಕೂತು ಆಮೇಲೆ "ಏನು?" ಅಂತ ಮೆಸೇಜ್ ಹಾಕುವವರು ಕೂಡ ಇದ್ದಾರೆ. ತುಮಕೂರಿನ ಬಟವಾಡಿ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಇಂಥವರನ್ನು ಅಮ್ಮನೋ ಅಕ್ಕನೋ ನನ್ನ ಹತ್ತಿರ ಕರೆದುಕೊಂಡು ಬರುತ್ತಾರೆ. ನಾನು ಪ್ರಶ್ನೆ ಕೇಳಿದರೆ ಉತ್ತರವನ್ನೂ ಅಮ್ಮನೇ ಕೊಡುತ್ತಾರೆ.

ನಾಚಿಕೆ ಸ್ವಭಾವಕ್ಕೆ ಚಿಕಿತ್ಸೆ ಬೇಕಿಲ್ಲ. ನಾಲ್ಕು ಜನ ನೋಡುವ ಕಡೆ ಅವಮಾನ ಆಗುತ್ತದೆ ಅನ್ನುವ ಭಯ ಆರು ತಿಂಗಳಿಗಿಂತ ಜಾಸ್ತಿ ಉಳಿದು, ಓದು, ಕೆಲಸ, ಸ್ನೇಹಗಳನ್ನು ತಡೆದರೆ ಅದಕ್ಕೆ ಸೋಷಿಯಲ್ ಆಂಗ್ಸೈಟಿ ಅನ್ನುತ್ತೇವೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅದರಲ್ಲಿ ನಾನು ಗುಂಪಿನಲ್ಲಿ ಮಾಡಿಸುವ ಭಾಗಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಬಳಸುತ್ತೇನೆ, ಅಂದರೆ ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಕಥೆ ಕಟ್ಟುವ ಆಟ. ಅದನ್ನು ಹೇಗೆ ನಡೆಸುವುದು ಅಂತ ನನ್ನಂಥ ಕೌನ್ಸೆಲರ್‌ಗಳಿಗೆ, ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಆಸ್ಪತ್ರೆ ಸೇರಿದವರಿಗೆ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಮೇಷ್ಟ್ರುಗಳು ಓದಿ ಆಟ ಮಾತ್ರ ಆಡಿಸಬಹುದು. ಆದರೆ ಅದನ್ನು ಚಿಕಿತ್ಸೆ ಅಂತ ಕರೆಯಬೇಡಿ.

ಆಟ ಅಂದರೆ ಏನು

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ಆಟ ತಂದರು. ಈ ಜಾತಿಯ ಆಟಗಳಿಗೆಲ್ಲ ಅದೇ ಮೊದಲು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ. "ನೀನು ಈಗ ಏನು ಮಾಡ್ತೀಯ?" ಅಂತ ಕಥೆ ನಡೆಸುವವರು ಕೇಳುತ್ತಾರೆ, ಆಟಗಾರ ಹೇಳುತ್ತಾನೆ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದರೆ ದಾಳ ಹಾಕುತ್ತಾರೆ. ಅಷ್ಟೇ. ಬೋರ್ಡ್ ಬೇಕಿಲ್ಲ, ಗೆಲ್ಲುವವರು ಸೋಲುವವರು ಇಲ್ಲ.

ಆಟದಲ್ಲಿ ಪಾತ್ರ ಹಾಕಿ ಮನಸ್ಸಿಗೆ ಚಿಕಿತ್ಸೆ ಕೊಡುವುದು ಹೊಸದೇನಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲೇ ಮನೋವೈದ್ಯ ಜೇಕಬ್ ಮೊರೆನೊ ಸೈಕೋಡ್ರಾಮಾ ಶುರು ಮಾಡಿದ್ದರು. ನಮ್ಮ ಜಿಲ್ಲೆಗೆ ಪಾತ್ರ ಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಗುಬ್ಬಿ ನಾಟಕ ಕಂಪನಿ ಹುಟ್ಟಿದ ನೆಲ ಇದು. ನಮ್ಮ ತಾತ ಅದೇ ಗುಬ್ಬಿ ಸೀಮೆಯ ಹಳ್ಳಿಯಲ್ಲಿ ಮೂಡಲಪಾಯ ಯಕ್ಷಗಾನದ ಸಾರಥಿ ಆಗಿದ್ದರು. ರಂಗಕ್ಕೆ ಪಾತ್ರ ಬಂದ ತಕ್ಷಣ ಸಾರಥಿ ಎದುರು ನಿಂತು "ಬಂದಂಥವರು ಯಾರು? ತಮ್ಮ ನಾಮಾಂಕಿತವೇನು?" ಅಂತ ಕೇಳಬೇಕು. ವೇಷ ಹಾಕಿದವನು ಎಷ್ಟೇ ಹೆದರಿದ್ದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು, ಆಟ ಮುಂದೆ ಹೋಗುತ್ತದೆ. ಇಂಗ್ಲಿಷಿನವರು ಗೇಮ್ ಮಾಸ್ಟರ್ ಅನ್ನುವವರನ್ನು ನನ್ನ ಗುಂಪಿನಲ್ಲಿ ಸಾರಥಿ ಅನ್ನುತ್ತೇವೆ.

ಈಗ ಒಂದು ಮಾತು ನೇರವಾಗಿ ಹೇಳಬೇಕು. ಸೋಷಿಯಲ್ ಆಂಗ್ಸೈಟಿಗೆ ಗಟ್ಟಿ ಪುರಾವೆ ಇರುವುದು ಸಿ.ಬಿ.ಟಿ.ಗೆ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸುವ ಮಾತಿನ ಚಿಕಿತ್ಸೆಗೆ, ಅದರಲ್ಲೂ ಹೆದರುವ ಸಂದರ್ಭವನ್ನು ಹಂತಹಂತವಾಗಿ ಎದುರಿಸುವ ಎಕ್ಸ್‌ಪೋಷರ್‌ಗೆ. ಕೆಲವರಿಗೆ ಜೊತೆಗೆ ಮಾತ್ರೆಯೂ ಬೇಕು. ಆಟದ ಬಗ್ಗೆ ಇರುವುದೆಲ್ಲ ಸಣ್ಣ ಸಣ್ಣ ಅಧ್ಯಯನಗಳು. ಆಟ ಆಡಿದ ಮಾತ್ರಕ್ಕೆ ಭಯ ಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಆಟದೊಳಗೆ ಎಕ್ಸ್‌ಪೋಷರ್ ಇರಬೇಕು. ಅದು ಇಲ್ಲದಿದ್ದರೆ ಭಾನುವಾರ ಖುಷಿಯಾಗಿ ಕಳೆಯುತ್ತದೆ, ಸೋಮವಾರ ವೈವಾಗೆ ಮತ್ತೆ ಹೊಟ್ಟೆನೋವು ಬರುತ್ತದೆ.

ಹಾಗಾದರೆ ಆಟ ಯಾಕೆ ಬೇಕು? ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಈ ಭಯ ಹೇಗೆ ಉಳಿದುಕೊಳ್ಳುತ್ತದೆ ಅಂತ ವಿವರಿಸಿದರು. ಹೆದರಿದವನ ಗಮನವೆಲ್ಲ ತನ್ನ ಮೇಲೇ ಇರುತ್ತದೆ. ನನ್ನ ಧ್ವನಿ ನಡುಗುತ್ತಿದೆಯಾ, ಮುಖ ಕೆಂಪಾಯಿತಾ, ಕೈ ಎಲ್ಲಿಡಲಿ ಅನ್ನುವುದೇ ಯೋಚನೆ. ಎದುರಿನವರ ಮುಖ ನೋಡಲು ಬಿಡುವೇ ಇರುವುದಿಲ್ಲ. ಕುರ್ಚಿಗಳನ್ನು ವೃತ್ತಾಕಾರ ಹಾಕಿ "ನಿಮ್ಮ ಬಗ್ಗೆ ಹೇಳಿ" ಅಂದರೆ ಆ ಗಮನ ಇನ್ನೂ ಒಳಗೆ ತಿರುಗುತ್ತದೆ. ಟೇಬಲ್ ಮೇಲೆ ಒಂದು ನಕ್ಷೆ ಇಟ್ಟು, "ಕೋಟೆ ಬಾಗಿಲು ಮುಚ್ಚಿದೆ, ಮಳೆ ಶುರುವಾಗಿದೆ, ಏನು ಮಾಡೋಣ?" ಅಂದರೆ ಎಲ್ಲರ ಕಣ್ಣೂ ನಕ್ಷೆಗೆ ಹೋಗುತ್ತದೆ. ಮಾತು ಬರುವುದು ಆಗಲೇ.

ಯಾರನ್ನು ಸೇರಿಸಿಕೊಳ್ಳಬೇಕು

ನಾಲ್ಕಕ್ಕಿಂತ ಕಮ್ಮಿ ಬೇಡ, ಆರಕ್ಕಿಂತ ಜಾಸ್ತಿ ಬೇಡ. ನನಗೆ ಐದು ಜನ ಇಷ್ಟ. ಒಬ್ಬರು ಬರದಿದ್ದರೂ ಆಟ ನಡೆಯುತ್ತದೆ. ವಯಸ್ಸು ಹದಿನೆಂಟರ ಮೇಲೆ, ತೀರಾ ಅಂತರ ಬೇಡ. ಪ್ರತಿಯೊಬ್ಬರ ಜೊತೆ ಮೊದಲು ಒಬ್ಬರೇ ಇದ್ದಾಗ ಮಾತಾಡಿ. ಈ ಭಯ ಎಷ್ಟಿದೆ ಅಂತ ಅಳೆಯಲು ಸೋಷಿಯಲ್ ಫೋಬಿಯಾ ಇನ್ವೆಂಟರಿ ಅನ್ನುವ 17 ಪ್ರಶ್ನೆಗಳ ಪಟ್ಟಿ ಇದೆ. ಒಂದೊಂದಕ್ಕೆ 0ಯಿಂದ 4, ಒಟ್ಟು 68 ಅಂಕ. ಶುರುವಿನಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ ತುಂಬಿಸಿ. "ಪರವಾಗಿಲ್ಲ ಮೇಡಂ, ಚೆನ್ನಾಗಿದೀನಿ" ಅನ್ನುವ ಮಾತನ್ನು ಈ ಗುಂಪಿನಲ್ಲಿ ಲೆಕ್ಕಕ್ಕೇ ಹಿಡಿಯಬೇಡಿ. ನಿಮಗೆ ಬೇಜಾರು ಮಾಡಬಾರದು ಅಂತ ಹಾಗೆ ಹೇಳುತ್ತಾರೆ.

ಸಾಯುವ ಯೋಚನೆ ಇರುವವರು, ಇಲ್ಲದ ಧ್ವನಿ ಕೇಳಿಸುವವರು, ಕುಡಿತ ಕೈಮೀರಿದವರು ಮೊದಲು ಮನೋವೈದ್ಯರ ಹತ್ತಿರ ಹೋಗಬೇಕು. ಜಿಲ್ಲಾಸ್ಪತ್ರೆಯ ದಾರಿ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ನಂಬರನ್ನು ಎಲ್ಲರಿಗೂ ಚೀಟಿಯಲ್ಲಿ ಬರೆದುಕೊಡಿ. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಫೋನ್ ಮಾಡುವುದೇ ಇವರಿಗೆ ಕಷ್ಟ ಅಲ್ವಾ? ಆದ್ದರಿಂದ ಮೊದಲ ಭೇಟಿಯಲ್ಲೇ ನಿಮ್ಮ ಎದುರು ಒಮ್ಮೆ ಡಯಲ್ ಮಾಡಿಸಿ.

ತುಮಕೂರು ಎಷ್ಟೇ ದೊಡ್ಡದಾದರೂ ಚಿಕ್ಕ ಊರೇ. ಒಂದೇ ಕಾಲೇಜಿನ ಒಂದೇ ಕ್ಲಾಸಿನವರು ಬೇಡ. ಸಂಬಂಧಿಕರು ಬೇಡವೇ ಬೇಡ. ಹೆಸರು ಕೇಳಿದ ಮೇಲೆ ಊರು ಕೇಳಿ, ಊರು ಕೇಳಿದ ಮೇಲೆ "ಅಲ್ಲಿ ಯಾರ ಮನೆ?" ಅಂತ ಕೇಳುವುದು ನಮ್ಮ ಕಡೆ ಅಭ್ಯಾಸ. ಗುಂಪಿನಲ್ಲಿ ಆ ಪ್ರಶ್ನೆಗಳಿಗೆ ಅವಕಾಶ ಇಲ್ಲ ಅಂತ ಮೊದಲೇ ಹೇಳಿ. ಎಂ.ಜಿ. ರೋಡಿನಲ್ಲಿ ಎದುರಾದರೆ ಏನು ಮಾಡುವುದು ಅಂತಲೂ ತೀರ್ಮಾನಿಸಿ. ನಮ್ಮಲ್ಲಿ, ಜೊತೆಗೆ ಬೇರೆ ಯಾರಾದರೂ ಇದ್ದರೆ ಗುರುತೇ ಇಲ್ಲದವರ ಹಾಗೆ ಹೋಗಬಹುದು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಮನೆಯವರು. "ಆಟ ಆಡೋಕೆ ಫೀಸು ಕೊಡಬೇಕಾ?" ಅಂತ ಕೇಳುವ ತಂದೆಯರು ಇದ್ದೇ ಇರುತ್ತಾರೆ. ನ್ಯಾಯವಾದ ಪ್ರಶ್ನೆ. ಅವರ ಮಗನ ಭಯದ ಪಟ್ಟಿಯನ್ನು, ಮಗ ಒಪ್ಪಿದರೆ ಮಾತ್ರ, ತೋರಿಸಿ ಯಾವ ವಾರ ಏನು ಮಾಡಿಸುತ್ತೀರಿ ಅಂತ ವಿವರಿಸಿ. ಹುಡುಗ ಹುಡುಗಿಯರು ಒಂದೇ ಟೇಬಲ್ಲಿನಲ್ಲಿ ಕೂರುತ್ತಾರೆ ಅನ್ನುವುದನ್ನೂ ಆಗಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಮಗಳನ್ನು ಕಳಿಸುವುದು ನಿಲ್ಲಿಸುತ್ತಾರೆ.

ಜಾಗ, ಸಾಮಾನು

ವಾರಕ್ಕೊಮ್ಮೆ, ಎರಡು ಗಂಟೆ, ಹತ್ತು ವಾರ. ಭಾನುವಾರ ಹನ್ನೊಂದಕ್ಕೆ ಇಟ್ಟರೆ ಮಧುಗಿರಿ, ಸಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೂ ಆಗುತ್ತದೆ. ಒಂದು ಟೇಬಲ್, ಚಾರ್ಟ್ ಪೇಪರ್, ಪೆನ್ಸಿಲ್, ಲೂಡೋ ಡಬ್ಬದ ಎರಡು ದಾಳ. ಇಪ್ಪತ್ತು ಮುಖದ ದಾಳ ಆನ್‌ಲೈನಿನಲ್ಲಿ ಸಿಗುತ್ತದೆ, ನೋಡಲು ಚೆಂದ, ಬೇಕಾಗಿಲ್ಲ. ಟೇಬಲ್ಲಿಗೆ ಬಟ್ಟೆ ಹಾಸಿ. ದಾಳ ಸದ್ದು ಮಾಡಿಕೊಂಡು ಕೆಳಗೆ ಬಿದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ, ಮೊದಲ ವಾರ ಅದು ಬೇಡ. ಒಂಬತ್ತನೇ ವಾರ ಬೇಕಂತಲೇ ಬಟ್ಟೆ ತೆಗೆಯಿರಿ.

ನಡೆಸುವವರು ಇಬ್ಬರಿರಬೇಕು. ಒಬ್ಬರು ಸಾರಥಿ. ಇನ್ನೊಬ್ಬರು ಸುಮ್ನೆ ಜೊತೆಗೆ ಕೂತು ಯಾರ ಉಸಿರು ಬಿಗಿಯಾಯಿತು, ಯಾರು ಹತ್ತು ನಿಮಿಷದಿಂದ ಮಾತಾಡಿಲ್ಲ ಅಂತ ಗಮನಿಸುತ್ತಾರೆ, ಬೇಕಾದರೆ ಹೊರಗೆ ಕರೆದುಕೊಂಡು ಹೋಗುತ್ತಾರೆ. ಕಥೆ ನಡೆಸುತ್ತಾ ಇದನ್ನೆಲ್ಲ ಒಬ್ಬರೇ ನೋಡಲಾಗುವುದಿಲ್ಲ.

ಮೊದಲ ವಾರ: ಕಾರ್ಡು ಮತ್ತು ಪಾತ್ರ

ಆಟಗಾರರ ಲೋಕದಲ್ಲಿ ಎಕ್ಸ್ ಕಾರ್ಡ್ ಅನ್ನುವುದು ಪ್ರಸಿದ್ಧ. ಜಾನ್ ಸ್ಟಾವ್ರೊಪೌಲೊಸ್ ಅನ್ನುವವರು ರೂಪಿಸಿದ್ದು. ಟೇಬಲ್ ಮಧ್ಯೆ ಎಕ್ಸ್ ಬರೆದ ಕಾರ್ಡು ಇರುತ್ತದೆ. ಕಥೆಯಲ್ಲಿ ಏನಾದರೂ ನೋವಾಗುವಂಥದ್ದು ಬಂದರೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಇಂಥ ಗುಂಪಿನಲ್ಲಿ ಅದು ಹಾಗೇ ಕೆಲಸ ಮಾಡುವುದಿಲ್ಲ. ಎಲ್ಲರ ಎದುರು ಕೈ ಚಾಚಿ ಆಟ ನಿಲ್ಲಿಸುವುದೇ ಇವರಿಗೆ ಬೆಟ್ಟದಷ್ಟು ಭಯ. ಹಲ್ಲು ಕಚ್ಚಿ ಕೂರುತ್ತಾರೆ, ಕಾರ್ಡು ಮುಟ್ಟುವುದಿಲ್ಲ. ಅದಕ್ಕೇ ಮೊದಲ ವಾರ ಕಾರ್ಡು ಮುಟ್ಟುವುದನ್ನೇ ಆಟ ಮಾಡಿ. ಪ್ರತಿಯೊಬ್ಬರೂ ಒಂದು ಸಲ ಮುಟ್ಟಲೇಬೇಕು. "ಕಥೆಯಲ್ಲಿ ಹಾಗಲಕಾಯಿ ಪಲ್ಯ ಬೇಡ" ಅಂತ ಮುಟ್ಟಿದರೂ ಆಯಿತು. ಮೊದಲು ಸಾರಥಿಯೇ ಮುಟ್ಟಲಿ.

ನೋವಾದಾಗ ನಿಲ್ಲಿಸುವುದು ಬೇರೆ, ಭಯ ಆದಾಗ ತಪ್ಪಿಸಿಕೊಳ್ಳುವುದು ಬೇರೆ. ಎರಡನೆಯದಕ್ಕೆ "ಪಾಸ್" ಅಂತ ಬಿಟ್ಟುಕೊಟ್ಟರೆ ಪ್ರತಿ ವಾರ ಪಾಸೇ ಆಗುತ್ತದೆ. ನನ್ನ ಟೇಬಲ್ಲಿನಲ್ಲಿ ಪಾಸ್ ಇಲ್ಲ, "ಚಿಕ್ಕದು ಕೊಡಿ" ಅನ್ನಬಹುದು. ಸಂತೆಯ ಮಧ್ಯೆ ನಿಂತು ಕೂಗಲಾಗದಿದ್ದರೆ ಒಬ್ಬ ಅಂಗಡಿಯವನನ್ನು ಕೇಳು. ಅದೂ ಆಗದಿದ್ದರೆ ತಲೆಯಾಡಿಸು, ಅಂಗಡಿಯವನೇ ಊಹಿಸುತ್ತಾನೆ. ಸೊನ್ನೆ ಮಾತ್ರ ಇಲ್ಲ.

ನನ್ನ ಕಥೆ ಮುಳ್ಳುದುರ್ಗ ಅನ್ನುವ ಊರಿನದು. ಅಂಥ ಊರು ಎಲ್ಲೂ ಇಲ್ಲ, ಬೆಟ್ಟ ಮಾತ್ರ ಸ್ವಲ್ಪ ಮಧುಗಿರಿಯಂತೆ ಕಾಣುತ್ತದೆ. ಕೆಳಗೆ ದೊಡ್ಡ ಕೆರೆ. ಯಾರೋ ರಾತ್ರೋರಾತ್ರಿ ತೂಬು ಮುಚ್ಚಿದ್ದಾರೆ. ಕೆಳಗಿನ ಹಳ್ಳಿಗೆ ನೀರಿಲ್ಲ. ಯಾಕೆ ಅಂತ ಕಂಡುಹಿಡಿಯಬೇಕು. ಕತ್ತಿ ಹಿಡಿದರೆ ಇದು ಬಗೆಹರಿಯುವುದಿಲ್ಲ. ಕಾವಲುಗಾರನನ್ನು, ಛತ್ರದ ಅಜ್ಜಿಯನ್ನು, ಕೊಬ್ಬರಿ ವ್ಯಾಪಾರಿಯನ್ನು, ಕೊನೆಗೆ ಪಾಳೇಗಾರನನ್ನು ಮಾತಾಡಿಸಬೇಕು. ರಾಕ್ಷಸರು, ಮಂತ್ರ ಇಟ್ಟುಕೊಳ್ಳುವುದು ನಿಮ್ಮಿಷ್ಟ. ಆದರೆ ಕಥೆ ಮುಂದೆ ಹೋಗಲು ಮಾತಾಡಲೇಬೇಕು ಅನ್ನುವ ಹಾಗೆ ಹೆಣೆಯಿರಿ.

ಪಾತ್ರಗಳನ್ನು ಕೊಡುವಾಗ ನಮ್ಮ ಕಡೆಯವರು ಒಂದು ವಿಷಯದಲ್ಲಿ ಎಚ್ಚರ ಇರಬೇಕು. ಹಳೇ ಕಾಲದ ಊರು ಅಂದ ತಕ್ಷಣ ಶಾನುಭೋಗ, ತಳವಾರ, ನೀರುಗಂಟಿ ಅಂತ ಕೈ ಹೋಗುತ್ತದೆ. ಅದರ ಹಿಂದೆಯೇ ಜಾತಿ ಬಂದು ಟೇಬಲ್ಲಿನಲ್ಲಿ ಕೂರುತ್ತದೆ. ಐದು ಜನರಲ್ಲಿ ಒಬ್ಬರ ಭಯದ ಬೇರು ಅಲ್ಲೇ ಇರಬಹುದು. ಹಾಸ್ಟೆಲಿನಲ್ಲಿ, ಊರಿನ ಹೋಟೆಲಿನಲ್ಲಿ ಅವರು ಅನುಭವಿಸಿದ್ದು ಬರೀ ಊಹೆಯ ಭಯ ಆಗಿರುವುದಿಲ್ಲ. ನಾನು ಕುಲಕಸುಬಿನ ಪಾತ್ರ ಇಡುವುದಿಲ್ಲ. ನಕ್ಷೆ ಬರೆಯುವವಳು, ಬೇಹುಗಾರ, ಸಿದ್ದರಬೆಟ್ಟದಂಥ ಕಡೆ ಗಿಡಮೂಲಿಕೆ ಹುಡುಕುವವಳು, ಓಲೆ ಒಯ್ಯುವವನು, ದೇಶ ಸುತ್ತಿ ಬಂದ ವ್ಯಾಪಾರಿ, ಇಷ್ಟು ಸಾಕು. ಯಾರು ಯಾವುದನ್ನು ಬೇಕಾದರೂ ಆರಿಸಬಹುದು.

ಪಾತ್ರಕ್ಕೆ ಮೂರು ಗುಣ: ಮಾತು, ಎದೆಗಾರಿಕೆ, ಕಣ್ಣು. ಇವಕ್ಕೆ 2, 1, 0 ಹಂಚಬೇಕು. ಹೆಚ್ಚುಕಮ್ಮಿ ಎಲ್ಲರೂ ಕಣ್ಣಿಗೆ 2 ಕೊಟ್ಟು ಮಾತಿಗೆ 0 ಇಡುತ್ತಾರೆ. ಇರಲಿ ಬಿಡಿ. ಆಮೇಲೆ ಪಾತ್ರದಲ್ಲಿ ನಿನ್ನಂತೆಯೇ ಇರುವುದು ಒಂದು, ನಿನ್ನಂತಿಲ್ಲದ್ದು ಒಂದು ಬರೆ ಅನ್ನಿ. ಪರಿಚಯ ಮಾಡಿಕೊ ಅಂತ ಯಾರಿಗೂ ಹೇಳಬೇಡಿ. ಸಾರಥಿಯೇ ಕೇಳಬೇಕು. ನಾಮಾಂಕಿತವೇನು? ಯಾವ ದಿಕ್ಕಿನಿಂದ ಬಂದಿರಿ? ಕೈಯಲ್ಲಿ ಏನು ಗಂಟು? ಒಂದೊಂದು ಮಾತಿನ ಉತ್ತರ ಬಂದರೂ ಮೂರು ಪ್ರಶ್ನೆಯಲ್ಲಿ ಪಾತ್ರ ಎದ್ದು ನಿಲ್ಲುತ್ತದೆ.

ದಾಳದ ಲೆಕ್ಕ

ಎರಡು ದಾಳ ಹಾಕಿ ಗುಣದ ಅಂಕ ಕೂಡಿಸಬೇಕು. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡಿದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ತೊಡಕು ಜೊತೆಗೆ. 6 ಅಥವಾ ಕಮ್ಮಿ ಬಂದರೆ ಆಗಲಿಲ್ಲ, ಕಥೆ ಬೇರೆ ಕಡೆ ತಿರುಗುತ್ತದೆ. 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಅನ್ನುವ ಆಟದಿಂದ ಹರಡಿದ ಪದ್ಧತಿ ಇದು. ನಾನು ಡ್ರಾಗನ್ನಿನ ಆಟ ಬಿಟ್ಟು ಇದನ್ನು ಹಿಡಿದದ್ದು ಆ ಮಧ್ಯದ ಫಲಕ್ಕಾಗಿ.

ಎರಡು ದಾಳ 36 ರೀತಿ ಬೀಳಬಹುದು. ಅಂಕ 0 ಇದ್ದರೆ 15 ಸಲ ಸೋಲು, 15 ಸಲ ತೊಡಕಿನ ಗೆಲುವು, 6 ಸಲ ಪೂರ್ತಿ ಗೆಲುವು. ಅಂಕ 2 ಇದ್ದರೆ 6, 15, 15. ಅಂದರೆ ಅಂಕ 0ಯಿಂದ 2ಕ್ಕೆ ಏರಿದರೂ ಮಧ್ಯದ ಫಲ ಬರುವುದು ಕಮ್ಮಿ ಆಗುವುದಿಲ್ಲ. ಹೆದರುವವರ ತಲೆಯಲ್ಲಿ ಎರಡೇ ಫಲ: ಅದ್ಭುತವಾಗಿ ಮಾತಾಡಬೇಕು, ಇಲ್ಲದಿದ್ದರೆ ಮಾನ ಹೋಯಿತು. ನಿಜವಾದ ಮಾತುಕತೆ ಬಹುಪಾಲು 8 ಬಂದ ಹಾಗೇ ಇರುತ್ತದೆ. ತೊದಲಿದೆ, ಆದರೂ ಅವರಿಗೆ ಅರ್ಥ ಆಯಿತು. ವಾರವಾರ 8 ಬೀಳುತ್ತಾ ಇದ್ದರೆ ಇದು ಮೈಗೆ ಹತ್ತುತ್ತದೆ.

ಇನ್ನೊಂದು ನಿಯಮ ಸೇರಿಸಿ. ಮಾತಿನ ದಾಳ ಹಾಕಿ ಸೋತವರಿಗೆ ಒಂದು ಗುರುತು. ಗೆದ್ದರೆ ಗುರುತಿಲ್ಲ. ಮೂರು ಗುರುತು ಆದರೆ ಮಾತಿನ ಅಂಕ ಒಂದು ಏರುತ್ತದೆ. ಸೋಲಲು ಜನ ಮುಂದೆ ಬರುವುದನ್ನು ನೋಡಬೇಕು ನೀವು.

ಭಯದ ಮೆಟ್ಟಿಲಿನಿಂದ ದೃಶ್ಯ ಕಟ್ಟುವುದು

ಪೂರ್ತಿ ಚಿಕಿತ್ಸೆ ಇರುವುದೇ ಇಲ್ಲಿ. ಪ್ರತಿಯೊಬ್ಬರ ಹತ್ತಿರ ಭಯದ ಪಟ್ಟಿ ಬರೆಸಿರುತ್ತೀರಿ. ಒಂದೊಂದಕ್ಕೂ ನೂರಕ್ಕೆ ಎಷ್ಟು ಭಯ ಅಂತ ಅಂಕ. ಗುರುತು ಸಿಗದಂತೆ ಕೆಲವರ ಪಟ್ಟಿ ಬೆರೆಸಿ ಒಂದು ಉದಾಹರಣೆ ಕೊಡುತ್ತೇನೆ. ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳುವುದು 35. ಗೊತ್ತಿಲ್ಲದವರ ಹತ್ತಿರ ದಾರಿ ಕೇಳುವುದು 40. ಬಸ್ಸಿನಲ್ಲಿ ಸ್ಟಾಪ್ ಕೇಳುವುದು 55. ಕ್ಲಾಸಿನಲ್ಲಿ ಅನುಮಾನ ಕೇಳುವುದು 70. ಎಲ್ಲರೂ ನೋಡುತ್ತಿರುವಾಗ ಏನಾದರೂ ಮಾಡುವುದು 80. ಕ್ಯಾಂಪಸ್ ಇಂಟರ್‌ವ್ಯೂ, ಅದೂ ಇಂಗ್ಲಿಷಿನಲ್ಲಿ, 95.

ಇದನ್ನು ಮುಳ್ಳುದುರ್ಗಕ್ಕೆ ಒಯ್ಯಿರಿ. ಚಿಲ್ಲರೆಯ ಜಾಗದಲ್ಲಿ ಸುಂಕದ ಕಟ್ಟೆ, ಅಧಿಕಾರಿ ಎರಡು ಹಣ ಜಾಸ್ತಿ ತೆಗೆದುಕೊಂಡಿದ್ದಾನೆ. ಸ್ಟಾಪಿನ ಜಾಗದಲ್ಲಿ ಓಡುವ ಎತ್ತಿನ ಗಾಡಿ, ನಿಲ್ಲಿಸಲು ಗಟ್ಟಿಯಾಗಿ ಕೂಗಲೇಬೇಕು. ಇಂಟರ್‌ವ್ಯೂ ಜಾಗದಲ್ಲಿ ಪಾಳೇಗಾರನ ದರ್ಬಾರು, ಅವನ ಭಾಷೆ ನಿನಗೆ ಅರ್ಧಂಬರ್ಧ ಬರುತ್ತದೆ. ಯಾರ ಮೆಟ್ಟಿಲು ಯಾವುದು ಅಂತ ಸಾರಥಿಗೆ ಮಾತ್ರ ಗೊತ್ತಿರಲಿ. ಪ್ರತಿ ವಾರ ಪ್ರತಿಯೊಬ್ಬರಿಗೂ ಒಂದಾದರೂ ದೃಶ್ಯ ಅವರ ಮೆಟ್ಟಿಲಿನದೇ ಬರಲಿ. ಕೆಳಗಿನಿಂದ ಶುರು ಮಾಡಿ.

ದೃಶ್ಯಕ್ಕೆ ಮುಂಚೆ ಒಂದು ಚೀಟಿ. "ಏನಾಗುತ್ತೆ ಅಂದ್ಕೊಂಡಿದೀಯ? ನೂರಕ್ಕೆ ಎಷ್ಟು ಖಾತ್ರಿ?" ಬರೆದು ಮಡಚಿ ಇಡಬೇಕು. "ಧ್ವನಿ ನಡುಗುತ್ತೆ, ಎಲ್ರೂ ನಗ್ತಾರೆ, 80" ಅಂತ ಬರೆಯುತ್ತಾರೆ. ಆಮೇಲೆ ಆಟ. ಅದು ಹೀಗೆ ಹೋಗುತ್ತದೆ:

"ಏಯ್, ಯಾರಮ್ಮ ಅದು? ಇಷ್ಟೊತ್ತಲ್ಲಿ ಎಲ್ಲಿಗೆ ಹೊರಟೆ?" ಅಂತ ಸಾರಥಿ ಕಾವಲುಗಾರನ ಧ್ವನಿಯಲ್ಲಿ ಕೇಳುತ್ತಾರೆ.

"ಅವಳು... ಒಳಗೆ ಬಿಡಿ ಅಂತ ಕೇಳ್ತಾಳೆ ಮೇಡಂ."

"ಹೇಗೆ ಕೇಳ್ತಾಳೆ? ಅವಳ ಬಾಯಲ್ಲೇ ಹೇಳಮ್ಮ."

ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಸಾರಥಿಯೂ ಸುಮ್ಮನಿರಬೇಕು, ಇದು ಕಷ್ಟ. "ಅಣ್ಣಾ, ಒಳಗೆ ಬಿಡ್ತೀರಾ? ಮಗೂಗೆ ಹುಷಾರಿಲ್ವಂತೆ, ಔಷಧಿ ತಂದಿದೀನಿ."

ದಾಳ 8. "ಬಿಡ್ತೀನಿ ಕಣಮ್ಮ. ಆದ್ರೆ ಆ ಗಂಟು ಇಲ್ಲೇ ಬಿಚ್ಚು. ಒಂದೊಂದೇ ಬೇರು ಎತ್ತಿ ಏನು ಅಂತ ಹೇಳು, ಇವ್ರೆಲ್ಲ ನೋಡ್ಲಿ."

ತೊಡಕು ಅವಳ 80ರ ಮೆಟ್ಟಿಲನ್ನು ಮುಟ್ಟಿತು ನೋಡಿ. ಮಧ್ಯದ ಫಲ ಬಂದಾಗಲೆಲ್ಲ ಸಾರಥಿಗೆ ಹೀಗೊಂದು ಅವಕಾಶ ಸಿಗುತ್ತದೆ. ಪಟ್ಟಿ ತಲೆಯಲ್ಲಿರಬೇಕು ಅಷ್ಟೇ.

"ಅವಳು ಕೇಳ್ತಾಳೆ" ಅನ್ನುವುದರಿಂದ "ಅಣ್ಣಾ, ಬಿಡ್ತೀರಾ" ಅನ್ನುವುದಕ್ಕೆ ಬರಲು ಕೆಲವರಿಗೆ ಮೂರು ವಾರ ಬೇಕು. ಅವಸರ ಬೇಡ. ಅಲ್ಲಿಗೆ ಬಂದ ಮೇಲೆ ಉಳಿದ ಊರುಗೋಲುಗಳನ್ನು ಗಮನಿಸಿ. ತಲೆ ಬಗ್ಗಿಸಿ ಚಾರ್ಟಿಗೆ ಮಾತಾಡುವುದು. ವಾಕ್ಯವನ್ನು ಮನಸ್ಸಿನಲ್ಲೇ ಪೂರ್ತಿ ಕಟ್ಟಿ ಆಮೇಲೆ ಹೇಳುವುದು. ಪಕ್ಕದವನ ಕಿವಿಯಲ್ಲಿ ಹೇಳಿ ಅವನಿಂದ ಹೇಳಿಸುವುದು. ಎಲ್ಲದಕ್ಕೂ ಮೊದಲೇ "ಸಾರಿ" ಅನ್ನುವುದು. ಇವನ್ನೆಲ್ಲ ಜಾಗ್ರತೆಗಾಗಿ ಮಾಡುತ್ತಾರೆ, ಆದರೆ ಭಯ ಉಳಿಯುವುದೇ ಇವುಗಳಿಂದ. ಒಂದು ವಾರಕ್ಕೆ ಒಂದನ್ನು ಬಿಡಿಸಿ. "ಈ ಸಲ ಕಾವಲುಗಾರನ ಮುಖ ನೋಡಿ ಮಾತಾಡು, ಅವನ ಮೀಸೆ ಹೇಗಿದೆ ಆಮೇಲೆ ಹೇಳು" ಅಂದರೆ ಗಮನ ತಾನಾಗಿಯೇ ಹೊರಗೆ ಬರುತ್ತದೆ. ಮೀಸೆ ಇಲ್ಲದ ನನ್ನ ಮುಖವನ್ನೇ ನೋಡಿ ವರ್ಣಿಸಬೇಕು. ಅಲ್ಲಿ ನಗು ಬರುತ್ತದೆ, ಬರಲಿ.

ಕೊನೆಯ ಅರ್ಧ ಗಂಟೆ

ಎರಡು ಗಂಟೆಯಲ್ಲಿ ಆಟ ಒಂದೂವರೆ ಗಂಟೆ ಮಾತ್ರ. ಕಥೆ ಎಷ್ಟೇ ರೋಚಕವಾಗಿದ್ದರೂ ನಿಲ್ಲಿಸಿ ಚಹಾ ಕೊಡಿ, ಚೀಟಿ ಬಿಚ್ಚಿಸಿ. ಧ್ವನಿ ನಡುಗಿತಾ? ಎದುರಿನವರಿಗೆ ಕೇಳಿಸಿತಾ? ಗುಂಪನ್ನೇ ಕೇಳಿ. "ನಂಗೆ ಗೊತ್ತಾಗ್ಲೇ ಇಲ್ಲ, ನನ್ ಟರ್ನ್ ಯಾವಾಗ ಬರುತ್ತೆ ಅಂತ ಹೆದರ್ಕೊಂಡಿದ್ದೆ" ಅನ್ನುವ ಉತ್ತರ ಬರುತ್ತದೆ. ನೀವು ಕೊಡುವ ಯಾವ ಸಮಾಧಾನಕ್ಕಿಂತಲೂ ಆ ಉತ್ತರ ದೊಡ್ಡದು. ಎಲ್ಲರೂ ಒಪ್ಪಿದರೆ ದೃಶ್ಯವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ, ಅಲ್ಲೇ ಅಳಿಸಿಬಿಡಿ. ತಲೆಯಲ್ಲಿ ಕೇಳಿದ ಧ್ವನಿಗೂ ಫೋನಿನಲ್ಲಿ ಕೇಳುವ ಧ್ವನಿಗೂ ಎಷ್ಟು ವ್ಯತ್ಯಾಸ ಅಂತ ಅವರಿಗೇ ಗೊತ್ತಾಗುತ್ತದೆ.

"ಸೂಪರ್!" ಅಂತ ಚಪ್ಪಾಳೆ ಹೊಡೆಸಬೇಡಿ. ಮುಂದಿನ ವಾರ ಸೂಪರ್ ಆಗಿರಬೇಕಲ್ಲ ಅನ್ನುವ ಹೊಸ ಭಯ ಹುಟ್ಟುತ್ತದೆ. "ಚೀಟಿಯಲ್ಲಿ ಬರೆದದ್ದು ಅದು, ನಡೆದದ್ದು ಇದು" ಅನ್ನುವಷ್ಟೇ ಸಾಕು.

ಮನೆಗೆ ಹೋಗುವ ಬಸ್ಸಿನಲ್ಲಿ ಇವರು ಎರಡು ಗಂಟೆಯನ್ನೂ ಮತ್ತೆ ಓಡಿಸಿ ತಪ್ಪು ಹುಡುಕುತ್ತಾರೆ. ಅದಕ್ಕೆ ಮೊದಲೇ ಒಂದು ಕೆಲಸ ಕೊಟ್ಟು ಕಳಿಸಿ. ಕಿಟಕಿಯಲ್ಲಿ ಕಂಡ ಮೂರು ಮುಖವನ್ನು ನೆನಪಿಟ್ಟುಕೊಂಡು ಬನ್ನಿ, ಮುಂದಿನ ವಾರದ ಕಥೆಯಲ್ಲಿ ಅವರೇ ಪಾತ್ರ ಅಂತ ಹೇಳಿ.

ಇದರ ಜೊತೆಗೆ ಮನೆಗೆಲಸ ಬೇರೆ. ಆ ವಾರ ಆಟದಲ್ಲಿ ಮಾಡಿದ್ದರ ಜೋಡಿ ಊರಿನಲ್ಲಿ ಮಾಡಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಚಟ್ನಿ ಎರಡು ಸಲ ಕೇಳು. ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿದ್ದರೂ ವಿಚಾರಿಸು. ಅಮಾನಿಕೆರೆ ಪಾರ್ಕಿನಲ್ಲಿ ವಾಕಿಂಗ್ ಬಂದವರ ಹತ್ತಿರ ಟೈಮ್ ಕೇಳು. ಇಲ್ಲೂ ಚೀಟಿ, ಇಲ್ಲೂ ಅಂಕ. ಮೊದಮೊದಲು "ನಾನು ನಕ್ಷೆ ಬರೆಯುವವಳು" ಅಂದುಕೊಂಡೇ ಹೋಗಲಿ, ತಪ್ಪಿಲ್ಲ.

ವೇಷ ಕಳಚುವುದು

ಮೊದಮೊದಲು ತಪ್ಪಿಲ್ಲ ಅಂದೆ. ಕೊನೆಯವರೆಗೂ ಹಾಗೇ ಬಿಟ್ಟರೆ ತಪ್ಪು. ಬಹಳ ಗುಂಪುಗಳು ಇಲ್ಲೇ ನಿಂತುಬಿಡುತ್ತವೆ ಅನ್ನುವುದು ನನ್ನ ತಕರಾರು. ಹುಡುಗ ಬೇಹುಗಾರನಾಗಿ ದರ್ಬಾರಿನಲ್ಲಿ ಗುಡುಗುತ್ತಾನೆ, ಎಲ್ಲರಿಗೂ ಸಂತೋಷ. ಆದರೆ "ಮಾತಾಡಿದ್ದು ಬೇಹುಗಾರ, ನಾನಲ್ಲ" ಅಂತ ಅವನ ತಲೆಯಲ್ಲಿದ್ದರೆ ವೇಷವೇ ಹೊಸ ಊರುಗೋಲು. ತಲೆ ಬಗ್ಗಿಸುವುದನ್ನು ಬಿಡಿಸಿದ ಹಾಗೆ ಇದನ್ನೂ ಬಿಡಿಸಬೇಕು.

ಆರನೇ ವಾರದಿಂದ ಶುರು ಮಾಡಿ. ಮೊದಲು ಪಾತ್ರ ಅದಲುಬದಲು ಮಾಡಿ. ಗಟ್ಟಿ ಪಾತ್ರವನ್ನು ಬೇರೆಯವರಿಗೆ ಕೊಟ್ಟು ಮೆತ್ತಗಿನದನ್ನು ಇವನಿಗೆ ಕೊಡಿ. ಆದರೂ ದರ್ಬಾರಿನಲ್ಲಿ ಮಾತಾಡಬೇಕು. ಮುಂದಿನ ವಾರ ಆಟಗಾರರಲ್ಲೇ ಒಬ್ಬರು ಅರ್ಧ ಗಂಟೆ ಸಾರಥಿ ಆಗಲಿ, ಎಲ್ಲರ ಕಣ್ಣೂ ಅವರ ಮೇಲೆ. ಎಂಟನೇ ವಾರ ಮುಳ್ಳುದುರ್ಗದ ಕಥೆ ಮುಗಿಸಿ, ತೂಬು ತೆಗೆಯಲಿ, ನೀರು ಹರಿಯಲಿ. ಒಂಬತ್ತನೇ ವಾರ ಕಥೆ ಇಂದಿನ ತುಮಕೂರಿನಲ್ಲಿ. ಪಾತ್ರ ನೀನೇ, ಹೆಸರು ನಿನ್ನದೇ. ಮೂರು ಗುಣಕ್ಕೆ ಅಂಕ ಮತ್ತೆ ಹಂಚು ಅನ್ನಿ. ಮೊದಲ ವಾರ ಮಾತಿಗೆ 0 ಕೊಟ್ಟವರು ಈಗ ಎಷ್ಟು ಕೊಡುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಇಂಟರ್‌ವ್ಯೂ ಕೋಣೆ, ಮೂರು ಜನ ಎದುರಿಗೆ, ಇಂಗ್ಲಿಷ್ ಪ್ರಶ್ನೆ. ಮೊದಲು ದಾಳ ಹಾಕಿ ಆಡಿಸಿ. 5 ಬಿದ್ದರೆ ಬೇಕಂತಲೇ ತಡವರಿಸಿ, "ಸಾರ್, ಪ್ರಶ್ನೆ ಇನ್ನೊಂದ್ಸಲ ಹೇಳ್ತೀರಾ?" ಅಂತ ಕೇಳುವುದನ್ನು ಅಭ್ಯಾಸ ಮಾಡಿಸಿ. ಆಮೇಲೆ ಅದೇ ದೃಶ್ಯ, ದಾಳ ಇಲ್ಲದೆ.

ಹತ್ತನೇ ವಾರ ಟೇಬಲ್ ಬಿಟ್ಟು ಹೊರಡಿ. ನಾವು ದೇವರಾಯನದುರ್ಗಕ್ಕೆ ಹೋಗುತ್ತೇವೆ. ಬೆಟ್ಟದ ಮೇಲೆ ಗೊತ್ತಿಲ್ಲದವರ ಹತ್ತಿರ "ನಮ್ದೊಂದು ಫೋಟೋ ತೆಗೀತೀರಾ?" ಅಂತ ಪ್ರತಿಯೊಬ್ಬರೂ ಕೇಳಬೇಕು. ಫೋಟೋ ಸರಿ ಬರದಿದ್ದರೆ ಇನ್ನೊಂದು ತೆಗೆಯಿರಿ ಅಂತಲೂ ಕೇಳಬೇಕು. ಆ ಎರಡನೆಯದೇ ಕಷ್ಟ. ಯಾರ ಫೋನಿನಲ್ಲೂ ಫೋಟೋ ಇಟ್ಟುಕೊಳ್ಳುವುದಿಲ್ಲ, ಗುಂಪಿನ ಗುಟ್ಟು ಅಲ್ಲೂ ನಡೆಯಬೇಕು.

ಎಡವುವ ಕಡೆಗಳು

ಮೊದಲೇ ಆನ್‌ಲೈನಿನಲ್ಲಿ ಇಂಥ ಆಟ ಆಡಿದವನೊಬ್ಬ ಬಂದರೆ ನಿಯಮ ಹೇಳುತ್ತಾ ಮೇಲಾಟ ಮಾಡುತ್ತಾನೆ. ಅವನಿಗೂ ಭಯವೇ. ಜಾಣತನದ ಹಿಂದೆ ಅಡಗಿದ್ದಾನೆ. ನಿಯಮ ಗೊತ್ತಿಲ್ಲದ ಪಾತ್ರ ಕೊಡಿ. ಎಲ್ಲವನ್ನೂ ತಮಾಷೆ ಮಾಡುವವರಿಗೆ ಒಂದು ಸೀರಿಯಸ್ ಸುದ್ದಿ ಹೊತ್ತು ತರುವ ದೃಶ್ಯ ಕೊಡಿ. ಯಾರಾದರೂ ಅತ್ತರೆ ಅಳಲಿ, ಆಟ ನಿಲ್ಲಿಸಿ ಸುತ್ತ ಮುತ್ತಿಕೊಳ್ಳಬೇಡಿ, ಜೊತೆಗಿರುವ ಸಹಾಯಕರು ನೋಡಿಕೊಳ್ಳಲಿ. ಎರಡನೇ ವಾರದ ನಂತರ ಒಬ್ಬರಾದರೂ ಬರುವುದು ನಿಲ್ಲಿಸುತ್ತಾರೆ. ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ಎತ್ತುವುದಿಲ್ಲ, ಮತ್ತೆ ಮಾಡಿ. ವಾಟ್ಸಾಪ್ ಗ್ರೂಪ್ ಮಾಡಲೇಬೇಡಿ. ಎಲ್ಲರೂ ಅಲ್ಲೇ ಮಾತಾಡಿ ಭಾನುವಾರ ಮೌನ ಹಿಡಿಯುತ್ತಾರೆ.

ಟೇಬಲ್ಲಿನಲ್ಲಿ ಭಾಷೆ ಕನ್ನಡವೇ ಇರಲಿ, ಆದರೆ ತಿದ್ದಬೇಡಿ. ಪಾವಗಡದ ಕಡೆಯವರು ನಡುವೆ ತೆಲುಗು ಬೆರೆಸುತ್ತಾರೆ, ಸಿರಾದವರೊಬ್ಬರು ಉರ್ದು ಬೆರೆಸುತ್ತಾರೆ. ಮುಳ್ಳುದುರ್ಗದ ಸಂತೆಯಲ್ಲಿ ಎಲ್ಲ ಭಾಷೆಯೂ ನಡೆಯುತ್ತದೆ.

ಹತ್ತು ವಾರ ಮುಗಿದ ಮೇಲೆ ಆ 17 ಪ್ರಶ್ನೆ ಮತ್ತೆ ತುಂಬಿಸಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹಳೆಯ ಅಂಕದ ಪಕ್ಕ ಹೊಸದನ್ನು ಇಟ್ಟು ತೋರಿಸಿ. ಅಂಕ ಇಳಿಯದವರು ಇರುತ್ತಾರೆ. ಅವರನ್ನು ಇನ್ನೊಂದು ಸುತ್ತು ಆಟಕ್ಕೆ ಸೇರಿಸಿಕೊಳ್ಳಬೇಡಿ. ಒಬ್ಬೊಬ್ಬರೇ ಕೂತು ಮಾಡುವ ಸಿ.ಬಿ.ಟಿ. ಬೇಕಾಗಬಹುದು, ಮಾತ್ರೆಯ ವಿಷಯ ಮನೋವೈದ್ಯರ ಹತ್ತಿರ ಮಾತಾಡಬೇಕಾಗಬಹುದು. ಅಂಕ ಇಳಿದವರು "ಇನ್ನೂ ಆಡೋಣ ಮೇಡಂ" ಅನ್ನುತ್ತಾರೆ. ದಾಳ ಎರಡನ್ನೂ ಚಾರ್ಟನ್ನೂ ಕೊಟ್ಟು, ನಿಮ್ಮ ಮನೆಗಳಲ್ಲೇ ಸೇರಿ ಆಡಿ, ಸಾರಥಿಯೂ ನೀವೇ ಆಗಿ ಅಂತ ಹೇಳಿ ಕಳಿಸುತ್ತೇನೆ. ಕರೆದರೂ ನಾನು ಹೋಗುವುದಿಲ್ಲ.